ಚಿಟ್ಟೆ ಹಿಡಿದು ಫ್ರೇಮ್ ಹಾಕಿ ಮಾರೋಣವೇ? ನನ್ನ ಉತ್ತರ: ಬೇಡ

ಗಾಜಿನ ಚೌಕಟ್ಟಿನೊಳಗೆ ರೆಕ್ಕೆ ಬಿಚ್ಚಿಟ್ಟ ಒಣ ಚಿಟ್ಟೆ, ಕೆಳಗೆ ಚಂದದ ಅಕ್ಷರದಲ್ಲಿ ಅದರ ಲ್ಯಾಟಿನ್ ಹೆಸರು. ಮನೆ ಅಲಂಕಾರದ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡುವವರಿಗೆ ಇದು ಹೊಸದೇನಲ್ಲ. ಯುರೋಪ್, ಅಮೆರಿಕದ ಶ್ರೀಮಂತರ ಮನೆ ಗೋಡೆಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಇದ್ದ ಈ ಅಲಂಕಾರ ಈಗ ಆನ್‌ಲೈನ್ ಅಂಗಡಿಗಳಿಗೂ ಬಂದಿದೆ. ನೋಡಿದ ನಮ್ಮ ಕಡೆಯ ಹುಡುಗರು ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಇದಕ್ಕಿಂತ ಚಂದದ ಚಿಟ್ಟೆ ನಮ್ಮ ತೋಟದಲ್ಲೇ ರಾಶಿ ಹಾರ್ತಾವೆ. ನಾವೇ ಯಾಕೆ ಮಾಡಿ ಮಾರಬಾರದು?"

ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಮಲೆನಾಡಿನ ಅಡಿಕೆ ಬೆಳೆಗಾರ. ಎಲೆಚುಕ್ಕಿ ರೋಗ, ಕೊಳೆ ರೋಗ, ಕೂಲಿ ಖರ್ಚು ಎಲ್ಲಾ ಸೇರಿ ತೋಟದ ಲೆಕ್ಕ ಹೇಗಾಗಿದೆ ಅಂತ ನನಗೂ ಗೊತ್ತು. ಹೊಸ ಆದಾಯದ ದಾರಿ ಹುಡುಕುವ ಹುಡುಗರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಆದರೆ ಈ ದಾರಿಯಲ್ಲಿ ದುಡ್ಡು ಬೇರೆಯವರಿಗೆ, ಕೇಸು ನಮಗೆ, ನಷ್ಟ ತೋಟಕ್ಕೆ. ಯಾಕೆ ಅನ್ನೋದನ್ನ ಒಂದೊಂದಾಗಿ ಹೇಳ್ತೀನಿ.

ಆ ಫ್ರೇಮ್ ಹೇಗೆ ತಯಾರಾಗುತ್ತೆ?

ಮೊದಲು ಚಿಟ್ಟೆಯನ್ನು ಕೊಲ್ಲುತ್ತಾರೆ. ಎದೆಯ ಭಾಗವನ್ನು ಬೆರಳಿನಲ್ಲಿ ಹಿಸುಕುವುದು, ಫ್ರೀಜರ್‌ನಲ್ಲಿ ಇಡುವುದು, ಇಲ್ಲವೇ ರಾಸಾಯನಿಕದ ಆವಿ ಇರುವ ಬಾಟಲಿಗೆ ಹಾಕುವುದು. ಆಮೇಲೆ ತ್ರಿಕೋನದ ಕಾಗದದ ಮಡಿಕೆಯಲ್ಲಿ ಇಟ್ಟು ಒಣಗಿಸುತ್ತಾರೆ. ಚೌಕಟ್ಟಿಗೆ ಹಾಕುವ ಮುಂಚೆ ಒದ್ದೆ ಡಬ್ಬಿಯೊಳಗೆ ಒಂದೆರಡು ದಿನ ಇಟ್ಟು ಮತ್ತೆ ಮೆತ್ತಗೆ ಮಾಡಿ, ಹಲಗೆ ಮೇಲೆ ರೆಕ್ಕೆ ಬಿಚ್ಚಿ, ಕಾಗದದ ಪಟ್ಟಿ ಮತ್ತು ಗುಂಡುಸೂಜಿಯಿಂದ ಹಿಡಿದು ನಿಲ್ಲಿಸುತ್ತಾರೆ. ಪೂರ್ತಿ ಒಣಗಿದ ಮೇಲೆ ಗಾಜಿನೊಳಗೆ.

ಬಿ.ಎಸ್ಸಿ. ಅಗ್ರಿ ಓದಿದವರಿಗೆ ಈ ಕೆಲಸ ಗೊತ್ತಿರುತ್ತೆ. ಕೀಟಶಾಸ್ತ್ರದ ವಿಷಯಕ್ಕೆ ಕೀಟಗಳನ್ನು ಸಂಗ್ರಹಿಸಿ ಪೆಟ್ಟಿಗೆ ಮಾಡಿ ಕೊಡಬೇಕಲ್ಲ, ಹಾಗೇ. ಅದೇ ಓದಿನವರಿಗೆ ಇನ್ನೊಂದೂ ನೆನಪಿರುತ್ತೆ: ಪ್ರತಿ ಕೀಟದ ಸೂಜಿಗೆ ಒಂದು ಚಿಕ್ಕ ಚೀಟಿ. ಎಲ್ಲಿ ಸಿಕ್ಕಿತು, ಯಾವ ದಿನ, ಯಾರು ಹಿಡಿದರು. ಆ ಚೀಟಿ ಇದ್ದರೆ ಮಾತ್ರ ಅದು ವಿಜ್ಞಾನಕ್ಕೆ ಬೇಕಾದ ಮಾದರಿ. ಗೋಡೆ ಮೇಲಿನ ಫ್ರೇಮ್‌ಗಳಿಗೆ "ಪ್ರಕೃತಿ ವಿಜ್ಞಾನದ ಅಲಂಕಾರ" ಅಂತ ದೊಡ್ಡ ಹೆಸರು ಇಟ್ಟು ಮಾರುತ್ತಾರೆ, ಆದರೆ ಹೆಚ್ಚಿನವುಗಳಲ್ಲಿ ಈ ಚೀಟಿಯೇ ಇರಲ್ಲ. ಯಾವ ಕಾಡಿನದ್ದು, ಯಾವ ತಿಂಗಳಿನದ್ದು ಗೊತ್ತಿಲ್ಲದ ಚಿಟ್ಟೆಯಿಂದ ಯಾರೂ ಏನೂ ಕಲಿಯಲಾರರು. ಅದು ಬರೀ ಬಣ್ಣ.

ಈಗ ಮುಖ್ಯ ವಿಷಯ. ಫ್ರೇಮ್‌ಗೆ ಬೇಕಾಗಿರೋದು ಒಂದು ಚೂರೂ ಹರಿಯದ ರೆಕ್ಕೆ. ತೋಟದಲ್ಲಿ ಹಾರುವ ಚಿಟ್ಟೆಗಳನ್ನು ಹತ್ತಿರದಿಂದ ನೋಡಿದ್ದೀರಾ? ನಾಲ್ಕು ದಿನ ಹಾರಿದ್ದರ ಅಂಚು ಸವೆದಿರುತ್ತೆ. ಹಕ್ಕಿ ಕಚ್ಚಿದ ಗುರುತು, ಮುಳ್ಳು ಗೀರಿದ ಗುರುತು, ಉದುರಿದ ಬಣ್ಣದ ಪುಡಿ. ಹಾಗಾಗಿ ವ್ಯಾಪಾರಿಗೆ ಬೇಕಾಗೋದು ಕೋಶದಿಂದ ಹೊರಬಂದು ರೆಕ್ಕೆ ಒಣಗಿದ ಕೂಡಲೇ ಸಿಗುವ ಚಿಟ್ಟೆ. ಅಂದ್ರೆ ಇನ್ನೂ ಮೊಟ್ಟೆ ಇಡದ ಚಿಟ್ಟೆ. ಮೊಟ್ಟೆ ಇಟ್ಟು ಮುಗಿಸಿದ, ರೆಕ್ಕೆ ಹರಿದ ಹಳೇ ಚಿಟ್ಟೆಗೆ ಆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ತೋಟಕ್ಕೆ ಯಾವುದು ಬೇಕೋ ಅದನ್ನೇ ಫ್ರೇಮ್ ಕೇಳುತ್ತೆ.

"ಇವು ಸಹಜವಾಗಿ ಸತ್ತ ಚಿಟ್ಟೆಗಳು" ಅಂತ ಬರೆದು ಮಾರುವವರಿದ್ದಾರೆ. ಆಯಸ್ಸು ಮುಗಿಸಿ ಸತ್ತ ಚಿಟ್ಟೆಯ ರೆಕ್ಕೆ ಹೊಸ ಸೀರೆಯ ಅಂಚಿನ ಹಾಗೆ ಇರಲು ಹೇಗೆ ಸಾಧ್ಯ? ಸಾಲು ಸಾಲಾಗಿ ಒಂದೂ ಗೀರಿಲ್ಲದ ಚಿಟ್ಟೆ ಕಂಡರೆ ನಾನಂತೂ ಆ ಮಾತನ್ನ ನಂಬಲ್ಲ.

ಪಪುವಾ ನ್ಯೂಗಿನಿಯ ರೈತರು ಮಾಡಿದ್ದು

"ಬೇರೆ ದೇಶದಲ್ಲಿ ರೈತರೇ ಮಾಡ್ತಾರಲ್ಲ" ಅನ್ನೋರಿಗೆ ಉತ್ತರ ಕೊಡಬೇಕು. ಹೌದು, ಮಾಡ್ತಾರೆ. ಅದರಲ್ಲಿ ಹೆಸರುವಾಸಿ ಪಪುವಾ ನ್ಯೂಗಿನಿ. ಆಸ್ಟ್ರೇಲಿಯಾದ ಉತ್ತರಕ್ಕಿರುವ ಈ ದೇಶದ ಬುಲೊಲೊ ಎಂಬ ಊರಿನಲ್ಲಿ 1978ರಲ್ಲಿ ಸರಕಾರವೇ ಕೀಟ ಕೃಷಿ ಮತ್ತು ವ್ಯಾಪಾರದ ಸಂಸ್ಥೆ ಕಟ್ಟಿತು. ಹಳ್ಳಿಯ ರೈತರು ತಮ್ಮ ತೋಟದ ಅಂಚಿಗೆ ನಮ್ಮ ಈಶ್ವರಿ ಬಳ್ಳಿಯ ಜಾತಿಯ ಬಳ್ಳಿಗಳನ್ನು ಹಬ್ಬಿಸಿದರು, ಮಕರಂದಕ್ಕೆ ದಾಸವಾಳದಂಥ ಹೂಗಿಡ ನೆಟ್ಟರು. ಕಾಡಿನ ಬರ್ಡ್‌ವಿಂಗ್ ಚಿಟ್ಟೆಗಳು ತಾವಾಗೇ ಬಂದು ಮೊಟ್ಟೆ ಇಟ್ಟವು. ರೈತರು ಕೋಶಗಳಲ್ಲಿ ಒಂದು ಪಾಲು ತೆಗೆದುಕೊಂಡು, ಉಳಿದದ್ದನ್ನು ಹಾರಲು ಬಿಟ್ಟರು. ಬಲೆ ಇಲ್ಲ, ಪಂಜರ ಇಲ್ಲ. ಮಾಲು ಕೊಳ್ಳಲು, ಗುಣಮಟ್ಟ ನೋಡಲು, ರಫ್ತಿನ ಪರವಾನಗಿ ಮಾಡಿಸಲು ಸಂಸ್ಥೆ ಇತ್ತು.

ನಾನು ಈ ವ್ಯವಸ್ಥೆಯನ್ನು ಹೀಗಳೆಯಲ್ಲ. ಕಾಡು ಇದ್ದರೆ ಮಾತ್ರ ಚಿಟ್ಟೆ, ಚಿಟ್ಟೆ ಇದ್ದರೆ ಮಾತ್ರ ದುಡ್ಡು ಅನ್ನೋ ಲೆಕ್ಕ ರೈತನಿಗೆ ಕಾಡು ಉಳಿಸೋಕೆ ಒಂದು ಕಾರಣ ಕೊಟ್ಟಿತು. ಅದೇ ದೇಶದಲ್ಲಿ ಜಗತ್ತಿನ ಅತಿ ದೊಡ್ಡ ಚಿಟ್ಟೆ ಇದೆ, ಕ್ವೀನ್ ಅಲೆಕ್ಸಾಂಡ್ರಾಸ್ ಬರ್ಡ್‌ವಿಂಗ್. ಹೆಣ್ಣಿನ ರೆಕ್ಕೆಯಗಲ 25 ಸೆಂಟಿಮೀಟರ್ ಮುಟ್ಟುತ್ತೆ. 1906ರಲ್ಲಿ ಇದರ ಮೊದಲ ಮಾದರಿಯನ್ನು ಸಂಗ್ರಹಕಾರನೊಬ್ಬ ಬಂದೂಕಿನಿಂದ ಹೊಡೆದು ಬೀಳಿಸಿದ್ದ! ಈಗ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಇದೆ. ಆದರೂ ಅದು ಅಪಾಯದಲ್ಲೇ ಇದೆ, ಯಾಕಂದ್ರೆ ಅದರ ಕಾಡನ್ನು ತಾಳೆಎಣ್ಣೆ ತೋಟ ಮತ್ತು ಮರ ಕಡಿತ ನುಂಗಿದವು. ಬರೀ ನಿಷೇಧದಿಂದ ಚಿಟ್ಟೆ ಉಳಿಯಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಹಾಗಾದ್ರೆ ನಾವೂ ಅದನ್ನೇ ಮಾಡೋಣ ಅನ್ನಬೇಡಿ. ಅಲ್ಲಿ ಕಾನೂನು, ಖರೀದಿ ಸಂಸ್ಥೆ, ಪರವಾನಗಿ, ತರಬೇತಿ ಎಲ್ಲಾ ಮೊದಲು ಬಂತು; ವ್ಯಾಪಾರ ಆಮೇಲೆ. ನಮ್ಮಲ್ಲಿ ರೈತನಿಗೆ ಅಂಥ ಒಂದು ವ್ಯವಸ್ಥೆ ಇಲ್ಲ. ಇರೋದು ಅಪರಿಚಿತ ನಂಬರಿನಿಂದ ಬರುವ ಮೆಸೇಜ್ ಮಾತ್ರ.

"ರೇಷ್ಮೆ ಗೂಡು ಕುದಿಸ್ತೀವಲ್ಲ?"

ಈ ಪ್ರಶ್ನೆಯನ್ನ ಕೋಲಾರ, ರಾಮನಗರದ ಕಡೆಯವರು ಖಂಡಿತ ಕೇಳ್ತಾರೆ, ಕೇಳಬೇಕು ಕೂಡ. ಲಕ್ಷಗಟ್ಟಲೆ ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ರಾಜ್ಯ ನಮ್ಮದು. ಅದು ಸರಿಯಾದರೆ ಇದು ಹೇಗೆ ತಪ್ಪು?

ನನ್ನ ಉತ್ತರ ಕರುಣೆಯ ಮಾತಲ್ಲ, ಬಿತ್ತನೆಯ ಮಾತು. ಹಿಪ್ಪುನೇರಳೆ ರೇಷ್ಮೆ ಹುಳು ಸಾವಿರಾರು ವರ್ಷದಿಂದ ಮನುಷ್ಯ ಸಾಕಿದ ಪ್ರಾಣಿ, ನಮ್ಮ ದನದ ಹಾಗೆ. ಅದರ ಪತಂಗಕ್ಕೆ ಸರಿಯಾಗಿ ಹಾರೋಕೂ ಬರಲ್ಲ. ಅದು ಕಾಡಿನಿಂದ ಬರಲ್ಲ; ಬಿತ್ತನೆ ಗೂಡು ಬೆಳೆಯೋರು ಬೇರೆ, ಮೊಟ್ಟೆ ತಯಾರಿಸೋ ಕೇಂದ್ರ ಬೇರೆ, ಚಾಕಿ ಕೇಂದ್ರ ಬೇರೆ, ಆಮೇಲೆ ನಮ್ಮ ತಟ್ಟೆಗೆ. ಇವತ್ತು ಎಷ್ಟು ಗೂಡು ಕುದಿಸಿದರೂ ನಾಳೆಯ ಮೊಟ್ಟೆ ಬೇರೆ ಕಡೆ ಭದ್ರವಾಗಿದೆ. ಚಿಟ್ಟೆಗೆ ಆ ಭದ್ರತೆ ಎಲ್ಲಿದೆ? ನಿಮ್ಮ ಹಳ್ಳದ ಬದಿಯಲ್ಲಿ ಹಾರೋ ಹತ್ತು ಚಿಟ್ಟೆಯೇ ಮುಂದಿನ ವರ್ಷದ ಬಿತ್ತನೆ. ಬಿತ್ತನೆ ಬೀಜವನ್ನೇ ಮಾರಿ ಉಂಡ ರೈತನ ಕಥೆ ನಿಮಗೆ ಬೇರೆ ಹೇಳಬೇಕಾ?

ಕಾನೂನಿನ ಕಡೆ ಒಮ್ಮೆ ನೋಡಿ

ಹೋದ ಮಳೆಗಾಲ ಮುಗಿದ ಮೇಲೆ ನಮ್ಮ ಪಕ್ಕದೂರಿನ ಹೋಮ್‌ಸ್ಟೇ ಹುಡುಗನಿಗೆ ಒಂದು ಮೆಸೇಜ್ ಬಂತು. ದೊಡ್ಡ ಹಳದಿ-ಕಪ್ಪು ಚಿಟ್ಟೆ ಬೇಕು, ರೆಕ್ಕೆ ಹರಿದಿರಬಾರದು, ಕಾಗದದಲ್ಲಿ ಮಡಿಸಿ ಕೊರಿಯರ್ ಮಾಡಿ, ದುಡ್ಡು ಆನ್‌ಲೈನ್ ಹಾಕ್ತೀವಿ. ಕೇಳಿದವರ ಹೆಸರಿಲ್ಲ, ವಿಳಾಸ ಇಲ್ಲ. ಹುಡುಗ ನನ್ನ ಹತ್ತಿರ ಬಂದು ತೋರಿಸಿದ. "ಇದರಲ್ಲಿ ಹೆಸರು, ವಿಳಾಸ, ಬ್ಯಾಂಕ್ ಖಾತೆ ಎಲ್ಲಾ ಇರೋದು ಯಾರದ್ದು ನೋಡು" ಅಂದೆ. ಕೊರಿಯರ್ ರಸೀದಿಯಲ್ಲಿ ಅವನದ್ದೇ. ಅವನಿಗೆ ಅರ್ಥ ಆಯ್ತು, ನಂಬರ್ ಬ್ಲಾಕ್ ಮಾಡಿದ.

ಆ ಹಳದಿ-ಕಪ್ಪು ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆ. ಬರ್ಡ್‌ವಿಂಗ್ ಚಿಟ್ಟೆಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಆ ಒಪ್ಪಂದದ ಜೀವಿಗಳಿಗೆಂದೇ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರ ತಿದ್ದುಪಡಿಯಲ್ಲಿ ಪ್ರತ್ಯೇಕ ಪಟ್ಟಿಯನ್ನೇ ಸೇರಿಸಿದ್ದಾರೆ. 1972ರ ಈ ಕಾಯ್ದೆಯ ಪಟ್ಟಿಗಳಲ್ಲಿ ಹುಲಿ, ಆನೆ ಮಾತ್ರ ಅಲ್ಲ, ಹಲವು ಚಿಟ್ಟೆಗಳೂ ಇವೆ. ಮೊದಲ ಪಟ್ಟಿಯ ಜೀವಿಯನ್ನು ಬೇಟೆಯಾಡಿದ್ದು ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. "ಸತ್ತು ಬಿದ್ದಿತ್ತು, ಎತ್ತಿಕೊಂಡೆ" ಅಂದರೂ ನಡೆಯಲ್ಲ. ಕಾಯ್ದೆಯಲ್ಲಿ ಹೆಸರಿಸಿದ ವನ್ಯಜೀವಿ ಸತ್ತು ಸಿಕ್ಕರೂ ಅದು ಸರಕಾರದ ಸ್ವತ್ತು.

"ಪಟ್ಟಿಯಲ್ಲಿ ಇಲ್ಲದ್ದನ್ನ ಹಿಡಿದರಾಯ್ತು" ಅನ್ನಬಹುದು. ಗುರುತು ಹಿಡೀತೀರಾ? ನಿಂಬೆ, ಕರಿಬೇವಿನ ಗಿಡಕ್ಕೆ ಬರುವ ಕಾಮನ್ ಮಾರ್ಮನ್ ಚಿಟ್ಟೆಯ ಕೆಲವು ಹೆಣ್ಣುಗಳು ಥೇಟ್ ಕ್ರಿಮ್ಸನ್ ರೋಸ್ ಚಿಟ್ಟೆಯ ಹಾಗೇ ಇರುತ್ತವೆ. ಕ್ರಿಮ್ಸನ್ ರೋಸ್ ಹಕ್ಕಿಗಳಿಗೆ ವಿಷ, ಆ ವೇಷ ಹಾಕಿಕೊಂಡರೆ ತಾನೂ ಬದುಕಬಹುದು ಅನ್ನೋದು ಮಾರ್ಮನ್ ಉಪಾಯ. ಎಕ್ಕದ ಗಿಡದಲ್ಲಿ ಬೆಳೆಯುವ ಪ್ಲೇನ್ ಟೈಗರ್ ಚಿಟ್ಟೆಯ ವೇಷವನ್ನು ಡೆನೈಡ್ ಎಗ್‌ಫ್ಲೈ ಹೆಣ್ಣು ಹಾಕುತ್ತೆ. ಪ್ಲೇನ್ ಟೈಗರ್ ಎಲ್ಲ ಕಡೆ ಸಿಗುವ ಚಿಟ್ಟೆ. ಎಗ್‌ಫ್ಲೈ ಕಾಯ್ದೆಯ ರಕ್ಷಣೆಗೆ ಸೇರಿಸಲಾದ ಚಿಟ್ಟೆ. ಹಕ್ಕಿಯೇ ಮೋಸಹೋಗುವ ಕಡೆ ನಾವು ನೀವು ಯಾವ ಲೆಕ್ಕ?

ಇದೆಲ್ಲ ಬರೀ ಪುಸ್ತಕದ ಕಾನೂನು ಅಂದುಕೊಳ್ಳಬೇಡಿ. 2008ರಲ್ಲಿ ಡಾರ್ಜಿಲಿಂಗ್ ಹತ್ತಿರದ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದ ಪ್ರದೇಶದಲ್ಲಿ ಚಿಟ್ಟೆ, ದುಂಬಿ ಸಂಗ್ರಹಿಸಿದ್ದಕ್ಕೆ ಇಬ್ಬರು ಚೆಕ್ ದೇಶದವರ ಬಂಧನವಾಗಿ, ಇಬ್ಬರೂ ತಪ್ಪಿತಸ್ಥರೆಂದು ಕೋರ್ಟ್ ಹೇಳಿತು. ಶ್ರೀಲಂಕಾದ ಯಾಲ ಉದ್ಯಾನದಲ್ಲಿ ನೂರಾರು ಕೀಟಗಳ ಜೊತೆ ಸಿಕ್ಕಿಬಿದ್ದ ಇಟಲಿಯ ತಂದೆ-ಮಗನಿಗೆ 2024ರಲ್ಲಿ ಅಲ್ಲಿನ ಕೋರ್ಟ್ 6 ಕೋಟಿ ಶ್ರೀಲಂಕಾ ರೂಪಾಯಿ ದಂಡ ಹಾಕಿತು. ಅಷ್ಟು ದೂರದವರಿಗೇ ಬಿಡದ ಕಾನೂನು ಊರಲ್ಲೇ ಇರೋ ನಮ್ಮನ್ನ ಬಿಡುತ್ತಾ?

ಲೆಕ್ಕವೂ ಕೂಡಿಬರಲ್ಲ

ಕಾನೂನನ್ನು ಒಂದು ನಿಮಿಷ ಪಕ್ಕಕ್ಕಿಡಿ. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಅಂಗಿಗೇ ಬೂಷ್ಟು ಹಿಡಿಯುತ್ತೆ. ಒಣ ಚಿಟ್ಟೆ ಬಿಡುತ್ತಾ? ಒಣ ಕೀಟಗಳನ್ನು ತಿನ್ನುವ ಸಣ್ಣ ದುಂಬಿಗಳಿವೆ, ಒಂದು ಒಳಗೆ ಸೇರಿದರೆ ಕೆಲವು ತಿಂಗಳಲ್ಲಿ ಚೌಕಟ್ಟಿನ ತಳದಲ್ಲಿ ಬರೀ ಪುಡಿ ಇರುತ್ತೆ. ಬಿಸಿಲು ಬೀಳುವ ಗೋಡೆಯಾದರೆ ಹಳದಿ, ಕೆಂಪು ಬಣ್ಣ ಮಾಸುತ್ತವೆ. ದಕ್ಷಿಣ ಅಮೆರಿಕದ ಮಾರ್ಫೋ ಚಿಟ್ಟೆಯ ನೀಲಿ ಮಾತ್ರ ಬಹುಕಾಲ ಉಳಿಯುತ್ತೆ, ಯಾಕಂದ್ರೆ ಅದು ಬಣ್ಣದ ಪುಡಿಯಲ್ಲ. ರೆಕ್ಕೆಯ ಸೂಕ್ಷ್ಮ ರಚನೆಗೆ ಬೆಳಕು ಬಡಿದು ಕಾಣುವ ನೀಲಿ. ಸಾಕಿ ಬೆಳೆಸೋಣ ಅಂದರೆ ಹುಳುವಿನ ಹಂತದಲ್ಲೇ ಪರತಂತ್ರ ಕಣಜ, ಇರುವೆ, ರೋಗ. ಇಷ್ಟೆಲ್ಲಾ ದಾಟಿ ಬಂದದ್ದಕ್ಕೆ ಬೆಲೆ ಕಟ್ಟೋನು ಮಧ್ಯವರ್ತಿ. ಗೋಡೆಗೆ ಹಾಕುವವನು ಕೊಡುವ ದುಡ್ಡಿನಲ್ಲಿ ಚೌಕಟ್ಟು, ಗಾಜು, ಸಾಗಣೆ, ಅಂಗಡಿಯವನ ಪಾಲು ಹೋದ ಮೇಲೆ ಹಿಡಿದುಕೊಟ್ಟವನಿಗೆ ಎಷ್ಟು ಉಳಿಯುತ್ತೆ ಅಂತ ಅಡಿಕೆ, ಶುಂಠಿ ಮಾರಿದ ಯಾರಿಗಾದರೂ ಅಂದಾಜು ಸಿಗುತ್ತೆ.

ಹಾಗಾದ್ರೆ ದುಡ್ಡು ಎಲ್ಲಿದೆ?

ಜೀವ ಇರೋ ಚಿಟ್ಟೆಯಲ್ಲಿ. ಇದು ಬರೀ ಒಳ್ಳೆ ಮಾತಲ್ಲ. ದಕ್ಷಿಣ ಕನ್ನಡದ ಬೆಳುವಾಯಿಯಲ್ಲಿ ಖಾಸಗಿ ಜಮೀನಿನಲ್ಲೇ ಆಹಾರ ಸಸ್ಯ ಬೆಳೆಸಿ ಚಿಟ್ಟೆ ಪಾರ್ಕ್ ಮಾಡಿದ್ದಾರೆ. ಬನ್ನೇರುಘಟ್ಟದಲ್ಲಿ 2006ರಿಂದ ಚಿಟ್ಟೆ ಉದ್ಯಾನ ಇದೆ, ಜನ ಟಿಕೆಟ್ ತಗೊಂಡು ನೋಡ್ತಾರೆ. ನಿಮ್ಮ ಕೈಗೆಟುಕುವ ಮೂರು ದಾರಿ ಹೇಳ್ತೀನಿ.

ಒಂದು, ಫೋಟೋ ಫ್ರೇಮ್. ನಿಮ್ಮ ಫೋನಿನ ಕ್ಯಾಮೆರಾ ಇದಕ್ಕೆ ಸಾಕು. ಬೆಳಿಗ್ಗೆ ಬಿಸಿಲು ಬಿದ್ದ ಹೊಸತರಲ್ಲಿ ಚಿಟ್ಟೆಗಳು ರೆಕ್ಕೆ ಬಿಚ್ಚಿ ಮೈ ಕಾಯಿಸ್ತಾ ಕೂತಿರ್ತವೆ. ನಿಮ್ಮ ನೆರಳು ಅದರ ಮೇಲೆ ಬೀಳದ ಹಾಗೆ ನಿಧಾನ ಹತ್ತಿರ ಹೋಗಿ. ಮಳೆ ನಿಂತ ಮೇಲೆ ಹಳ್ಳದ ಒದ್ದೆ ಮಣ್ಣಿನಲ್ಲಿ ಗುಂಪಾಗಿ ಉಪ್ಪಿನಂಶ ಹೀರ್ತಾ ಕೂತಾಗ ಇನ್ನೂ ಸುಲಭ. ಒಳ್ಳೆ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿ, ಕೆಳಗೆ ಚಿಟ್ಟೆಯ ಹೆಸರು, ಊರು, ದಿನಾಂಕ, ತೆಗೆದವರ ಹೆಸರು ಬರೆಯಿರಿ. ಚೀಟಿ ಇಲ್ಲದ ಸತ್ತ ಚಿಟ್ಟೆಗಿಂತ ಇದೇ ನಿಜವಾದ ಪ್ರಕೃತಿ ವಿಜ್ಞಾನದ ಅಲಂಕಾರ. ಹೋಮ್‌ಸ್ಟೇ ಗೋಡೆಗೆ ಹಾಕಿ, ಬಂದವರು ಕೇಳಿದರೆ ಮಾರಿ. ಬೂಷ್ಟು ಹಿಡಿದರೆ ಇನ್ನೊಂದು ಪ್ರಿಂಟ್, ಅಷ್ಟೇ. ಅದೇ ಫೋಟೋವನ್ನು ಐನ್ಯಾಚುರಲಿಸ್ಟ್‌ನಂಥ ಜಾಲತಾಣಕ್ಕೆ ಹಾಕಿದರೆ ನಿಮ್ಮ ಊರಿನ ಚಿಟ್ಟೆಯ ದಾಖಲೆ ಎಲ್ಲರಿಗೂ ಸಿಗುತ್ತೆ.

ಎರಡು, ಆಹಾರ ಸಸ್ಯಗಳ ನರ್ಸರಿ. ಶಾಲೆ, ರೆಸಾರ್ಟ್, ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳವರು ಚಿಟ್ಟೆ ತೋಟ ಮಾಡೋಕೆ ಹೊರಟರೆ ಹೂಗಿಡ ಸಿಗುತ್ತೆ, ಹುಳು ತಿನ್ನುವ ಗಿಡ ಸಿಗಲ್ಲ. ಈಶ್ವರಿ ಬಳ್ಳಿ, ಕಕ್ಕೆ, ಕರಿಬೇವು ಸಸಿ ಮಾಡಿ ಮಾರಿದರೆ ಯಾರ ಹೆದರಿಕೆಯೂ ಇಲ್ಲ. ಕಾಡಿನಿಂದ ಬಳ್ಳಿ ಕಿತ್ತು ತರಬೇಡಿ. ಬೀಜ, ಕಡ್ಡಿಯಿಂದ ಮಾಡಿ.

ಮೂರು, ಅತಿಥಿಗಳಿಗೆ ಬೆಳಗಿನ ಚಿಟ್ಟೆ ನಡಿಗೆ. ಹೋಮ್‌ಸ್ಟೇ ಇಲ್ಲದವರು ಪಕ್ಕದವರ ಜೊತೆ ಸೇರಿ ಮಾಡಬಹುದು. ಐವತ್ತು ಚಿಟ್ಟೆ ಹೆಸರು ಗೊತ್ತಿರೋ ಹುಡುಗ ಇವತ್ತು ಒಳ್ಳೆ ಗೈಡ್.

ತೋಟದಲ್ಲಿ ಏನು ಮಾಡಬೇಕು?

ಚಿಟ್ಟೆ ಬಂದರೆ ಇಳುವರಿ ಏರುತ್ತೆ ಅಂತ ನಾನು ಹೇಳಲ್ಲ. ಪರಾಗಸ್ಪರ್ಶದಲ್ಲಿ ಜೇನಿಗೆ ಚಿಟ್ಟೆ ಸಾಟಿಯಲ್ಲ. ದಾಳಿಂಬೆ ಕಾಯಿ ಕೊರೆಯುವ ಹುಳು, ಎಲೆಕೋಸು ತಿನ್ನುವ ಹುಳು ಕೂಡ ಚಿಟ್ಟೆ ಮರಿಗಳೇ. ಬೆಳೆ ಉಳಿಸಿಕೊಳ್ಳಲು ನೀವು ಮಾಡಬೇಕಾದ್ದನ್ನು ಮಾಡಿ. ಆದರೆ ಕೆಲವು ಕೆಲಸಕ್ಕೆ ಖರ್ಚೇ ಇಲ್ಲ.

ನಿಂಬೆ ಸಸಿಯ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಮರಿಹುಳು ನಿಂಬೆ ಚಿಟ್ಟೆಯದ್ದು, ದೊಡ್ಡದಾದಾಗ ಹಸಿರಾಗುತ್ತೆ. ನರ್ಸರಿ ಮತ್ತು ಎಳೆ ಗಿಡದಲ್ಲಿ ಕೈಯಿಂದ ಆರಿಸಿ. ಬೆಳೆದ ಮರ ನಾಲ್ಕು ಎಲೆ ಹೋದರೆ ತಡೆದುಕೊಳ್ಳುತ್ತೆ, ಅದಕ್ಕಾಗಿ ಇಡೀ ತೋಟಕ್ಕೆ ಔಷಧಿ ಹೊಡೆಯಬೇಡಿ. ಬೇಲಿ ಸಾಲಿನ ಎಕ್ಕ, ತಂಗಡಿ, ಕಕ್ಕೆ ಹಾಗೇ ಇರಲಿ. ಹೂ ಬಿಟ್ಟ ಬೇಲಿಗೆ ಕಳೆನಾಶಕ ಬೇಡ.

ಈಶ್ವರಿ ಬಳ್ಳಿಯನ್ನು ತೋಟದ ಅಂಚಿನ ಮರಕ್ಕೆ ಹಬ್ಬಿಸಿ. ಬರ್ಡ್‌ವಿಂಗ್, ಕ್ರಿಮ್ಸನ್ ರೋಸ್, ಕಾಮನ್ ರೋಸ್ ಮೂರಕ್ಕೂ ಅದೇ ಊಟ. ಎರಡು ಎಚ್ಚರ: ಈ ಬಳ್ಳಿಯಲ್ಲಿರುವ ಅರಿಸ್ಟೋಲೋಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡಕ್ಕೆ ಹಾನಿ ಮಾಡುತ್ತೆ, ಹಾಗಾಗಿ ಮನೆಮದ್ದು ಅಂತ ಕುಡಿಯಬೇಡಿ, ಮೇವಿನ ಜೊತೆ ಸೇರದ ಹಾಗೆ ನೋಡಿಕೊಳ್ಳಿ. ಎರಡನೆಯದು, ಇದೇ ಜಾತಿಯ ಅಲಂಕಾರದ ವಿದೇಶಿ ಬಳ್ಳಿ ತಂದು ನೆಡಬೇಡಿ. ಆಸ್ಟ್ರೇಲಿಯಾದಲ್ಲಿ ಅಂಥ ಬಳ್ಳಿಗೆ ಮೋಸಹೋಗಿ ಅಲ್ಲಿನ ಬರ್ಡ್‌ವಿಂಗ್ ಮೊಟ್ಟೆ ಇಡುತ್ತೆ, ಹುಟ್ಟಿದ ಹುಳುಗಳು ಎಲೆ ತಿಂದು ಸಾಯುತ್ತವೆ.

ಕೊನೆಗೆ ಒಂದು ಮಾತು. ಚಿಟ್ಟೆ ಕೇಳಿ ಮೆಸೇಜ್ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ, ನಿಮ್ಮ ಗುಂಪಿನ ಸಣ್ಣ ಹುಡುಗರಿಗೂ ಹೇಳಿ. ಹತ್ತನೇ ಕ್ಲಾಸ್ ಹುಡುಗನಿಗೆ ಒಂದು ಚಿಟ್ಟೆಗೆ ಇಷ್ಟು ಅಂತ ಆಸೆ ತೋರಿಸೋದು ಸುಲಭ; ಆಮೇಲೆ ಠಾಣೆಗೆ ಅಲೆಯೋದು ಅವರ ಅಪ್ಪ. ಈ ಭಾನುವಾರ ನಿಮ್ಮ ತೋಟದ ಬೇಲಿ ಒಂದು ಸುತ್ತು ಹಾಕಿ, ಎಷ್ಟು ಬಗೆ ಚಿಟ್ಟೆ ಕಂಡಿತು ಅಂತ ಫೋನಿನಲ್ಲಿ ಬರೆದುಕೊಳ್ಳಿ. ಅಷ್ಟು ಬಗೆ ಮುಂದಿನ ವರ್ಷವೂ ಕಂಡರೆ ನಿಮ್ಮ ತೋಟದ ಲೆಕ್ಕ ಸರಿ ಇದೆ ಅಂತ ಅರ್ಥ.